ಎನ್‌ಪಿ-ಕಂಪ್ಲೀಟ್ ಅಂದ್ರೆ ಕೈಬಿಡಬೇಕಾ?

ಪ್ರಶ್ನೆ: ಕಾಲೇಜಿನ ಪರೀಕ್ಷೆ ವೇಳಾಪಟ್ಟಿಗೆ ಪ್ರೋಗ್ರಾಂ ಬರೆಯುತ್ತಿದ್ದೇನೆ. ಯಾವ ವಿದ್ಯಾರ್ಥಿಗೂ ಒಂದೇ ಹೊತ್ತಿಗೆ ಎರಡು ಪೇಪರ್ ಬರಬಾರದು, ಅಷ್ಟೇ. ಇದು ಗ್ರಾಫ್ ಕಲರಿಂಗ್ ಅಂತಾರೆ ನಮ್ಮ ಮೇಷ್ಟ್ರು: ಪೇಪರ್‌ಗಳು ಚುಕ್ಕಿಗಳು, ಒಬ್ಬರೇ ಬರೆಯುವ ಎರಡು ಪೇಪರ್ ಅಡ್ಡ ಬರುತ್ತವೆ, ಅವುಗಳ ನಡುವೆ ಗೆರೆ; ಗೆರೆ ಇರುವ ಎರಡಕ್ಕೆ ಒಂದೇ ಬಣ್ಣ, ಅಂದ್ರೆ ಒಂದೇ ಸ್ಲಾಟ್, ಬರಬಾರದು. ಇದು ಎನ್‌ಪಿ-ಕಂಪ್ಲೀಟ್ ಅಂತೆ, ಅಂದ್ರೆ ಉತ್ತರ ಸರಿಯೇ ಅಂತ ನೋಡೋದು ಸುಲಭ, ಹುಡುಕೋಕೆ ಬೇಗ ಮುಗಿಯುವ ದಾರಿ ಗೊತ್ತಿಲ್ಲ. ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಎರಡೇ ಸ್ಲಾಟ್ ಇದ್ದರೆ ಸುಲಭ. ಒಂದು ಪೇಪರ್ ಬೆಳಿಗ್ಗೆಗೆ ಹಾಕಿ, ಅದಕ್ಕೆ ಅಡ್ಡ ಬರುವವೆಲ್ಲ ಮಧ್ಯಾಹ್ನಕ್ಕೆ. ಹೀಗೇ ಮುಂದುವರಿಸಿ. ಎಲ್ಲಾದರೂ ಸಿಕ್ಕಿಬಿದ್ದರೆ ಎರಡು ಸಾಲದು. ಮೂರಾದ ಕೂಡಲೇ ಕಥೆಯೇ ಬೇರೆ. ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ ಎನ್‌ಪಿ-ಕಂಪ್ಲೀಟ್ ಅಂತ ತೋರಿಸಿಕೊಟ್ಟ 21 ಸಮಸ್ಯೆಗಳಲ್ಲಿ ಕಲರಿಂಗ್ ಕೂಡ ಒಂದು. ಎಲ್ಲಾ ಗ್ರಾಫ್‌ಗೂ ಬೇಗ ಮುಗಿಯುವ ದಾರಿ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತಲೂ ಸಾಬೀತಾಗಿಲ್ಲ!

ಇನ್ನೊಂದು ಉತ್ತರ: ಬಿಡಬೇಡಿ ಮಾರಾಯ್ರೆ. ಜಾಸ್ತಿ ಪೇಪರ್‌ಗಳಿಗೆ ಅಡ್ಡ ಬರುವುದನ್ನೇ ಮೊದಲು ಕೂರಿಸಿ. ಒಂದೆರಡು ಸ್ಲಾಟ್ ಹೆಚ್ಚಾಗಬಹುದು, ಆಗಲಿ.

ಪ್ರಶ್ನೆ ಕೇಳಿದವರು: 8 ಸ್ಲಾಟ್ ಕೊಟ್ಟಿದ್ದಾರೆ. ಗಣಿತದ ಪೇಪರ್‌ಗೇ ಎಲ್ಲರೂ ಬರೋದು, ಅದನ್ನೇ ಮೊದಲು ಹಾಕ್ತೀನಿ.