ಗೋಲಿ ಸೋಡಾ ಬಾಟಲಿ ಹರಾಜು: ಬಂದಿದ್ದು ಒಂದೇ ಬಿಡ್, ಕೊರಿಯರ್‌ನಲ್ಲಿ ನಷ್ಟ, ಈಗ ರೀಫಂಡ್ ಬೇಡಿಕೆ

ಸೋಡಾಸೀಸೆ:
ನಮಸ್ಕಾರ. ಹಳೇ ಗೋಲಿ ಸೋಡಾ ಬಾಟಲಿ ಆರು ಇದ್ದವು. ಒಂದನ್ನು ಆನ್‌ಲೈನ್ ಹರಾಜಿಗೆ ಹಾಕಿದೆ. ಆರಂಭದ ಬೆಲೆ 99 ರೂಪಾಯಿ, ಅವಧಿ 7 ದಿನ. 14 ಜನ ವಾಚ್‌ಲಿಸ್ಟಿಗೆ ಸೇರಿಸಿಕೊಂಡರು, ಬಿಡ್ ಹಾಕಿದ್ದು ಒಬ್ಬರೇ, 99ಕ್ಕೇ ಹೋಯಿತು. ಬಾಟಲಿ ತೂಕ ಮುಕ್ಕಾಲು ಕೆಜಿಯೂ ಇಲ್ಲ, ಕೊರಿಯರ್‌ನವರು 5 ಕೆಜಿ ಲೆಕ್ಕದಲ್ಲಿ ಹಣ ತಗೊಂಡರು. ಈಗ ಕೊಂಡವರು ಬಾಯಿ ಹತ್ತಿರ ಚೂರು ಎದ್ದಿದೆ, ಹಣ ವಾಪಸ್ ಕೊಡಿ ಅಂತಿದ್ದಾರೆ. ನಾನು ಬರೆದಿದ್ದು ಇಷ್ಟೇ: "ಅಪರೂಪದ ಆಂಟಿಕ್ ಬಾಟಲಿ, ಒಳ್ಳೇ ಸ್ಥಿತಿ", ಜೊತೆಗೆ ಎರಡು ಫೋಟೋ. ಉಳಿದ ಐದನ್ನು ಹೇಗೆ ಹಾಕಲಿ? ಇಂಗ್ಲೆಂಡಿಗೆ ಕಳಿಸ್ತೀರಾ ಅಂತಲೂ ಒಬ್ಬರು ಕೇಳಿದ್ದಾರೆ.

ಹಳೇಗಾಜು:
ಮೊದಲು ರೀಫಂಡ್. ಬಾಯಿಯ ಫೋಟೋ ನಿಮ್ಮ ಹತ್ತಿರ ಇಲ್ಲದಿದ್ದರೆ ಚೂರು ಮೊದಲೇ ಎದ್ದಿತ್ತೋ ದಾರಿಯಲ್ಲಿ ಎದ್ದಿತೋ ಹೇಳೋಕಾಗಲ್ಲ. ಬಾಟಲಿ ತರಿಸಿಕೊಂಡು ಪೂರ್ತಿ ಹಣ ಕೊಟ್ಟುಬಿಡಿ. ಹೊಸಬರಿಗೆ ಮೊದಲ ಹತ್ತು ಫೀಡ್‌ಬ್ಯಾಕ್‌ಗಳೇ ಬಂಡವಾಳ. ಬಂದ ಮೇಲೆ ಆ ಜಾಗವನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ನೋಡಿ. ಅಂಚು ಹೊಳೆಯುತ್ತಾ ಚೂಪಾಗಿದ್ದರೆ ಹೊಸ ಪೆಟ್ಟು. ಮಾಸಿ, ಸಂದಿಯಲ್ಲಿ ಕೊಳೆ ಕೂತಿದ್ದರೆ ಹಳೆಯದು.

ಇನ್ನು ವಿವರಣೆ. ಬಿಡ್ ಬರದೇ ಇದ್ದದ್ದಕ್ಕೆ ಅರ್ಧ ಕಾರಣ ಅದೇ. ಗೋಲಿ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1872ರಲ್ಲಿ, ಆದರೆ ನಮ್ಮಲ್ಲಿ ಇವತ್ತಿಗೂ ಅದೇ ಆಕಾರದ ಬಾಟಲಿ ತಯಾರಾಗುತ್ತಿದೆ. ಆಕಾರ ನೋಡಿ ವಯಸ್ಸು ಹೇಳೋಕಾಗಲ್ಲ. ಅಚ್ಚಿನ ಗೆರೆ (ಅಚ್ಚಿನ ಎರಡು ಭಾಗ ಸೇರಿದ ಕಡೆ ಗಾಜಿನ ಮೇಲೆ ಉಳಿಯುವ ಗೆರೆ) ಬಾಯಿಯ ಕೆಳಗೇ ನಿಂತಿದ್ದರೆ ಹಳೆಯದು ಅನ್ನೋ ನಿಯಮ ಬೇರೆ ಬಾಟಲಿಗಳಿಗೆ ಸರಿ, ಇದರಲ್ಲಿ ಕೈಕೊಡುತ್ತದೆ. ಬಾಯಿಯೊಳಗೆ ರಬ್ಬರ್ ಉಂಗುರ ಕೂರುವ ತೋಡನ್ನು ಆಮೇಲೆ ತಿದ್ದುವುದರಿಂದ ಹೊಸ ಬಾಟಲಿಯಲ್ಲೂ ಗೆರೆ ಅಳಿಸಿಹೋಗಿರಬಹುದು. ಗಾಜಿನೊಳಗಿನ ಗುಳ್ಳೆಯೂ ಸಾಕ್ಷಿಯಲ್ಲ. ನಂಬಬೇಕಾದ್ದು ಉಬ್ಬಕ್ಷರ: ಸೋಡಾ ಫ್ಯಾಕ್ಟರಿಯ ಹೆಸರು, ಊರು, ಗಾಜು ಮಾಡಿದವರ ಗುರುತು. ಉದಾಹರಣೆಗೆ "ಡ್ಯಾನ್ ರೈಲ್ಯಾಂಡ್ಸ್, ಬಾರ್ನ್ಸ್ಲಿ" ಅಂತಿದ್ದರೆ ಅದು 19ನೇ ಶತಮಾನದ ಕೊನೆಯ ಇಂಗ್ಲಿಷ್ ಮಾಲು. ಅಕ್ಷರ ಮಸುಕಾಗಿದ್ದರೆ ತೆಳು ಕಾಗದ ಸುತ್ತಿ ಮೆತ್ತನೆ ಪೆನ್ಸಿಲ್ ಅಡ್ಡಹಿಡಿದು ಉಜ್ಜಿ, ಓದೋಕೆ ಸಿಗುತ್ತೆ.

ಶೀರ್ಷಿಕೆಯಲ್ಲಿ ಬಾಟಲಿಯ ಮೇಲಿರುವ ಹೆಸರು ಮತ್ತು ಊರನ್ನು ಅಲ್ಲಿರುವ ಕಾಗುಣಿತದಲ್ಲೇ ಹಾಕಿ, ಜೊತೆಗೆ ಬಣ್ಣ, ಎತ್ತರ. ಸಂಗ್ರಹಕಾರರು ಹುಡುಕುವುದು ಊರಿನ ಹೆಸರು, "ಅಪರೂಪ" ಅನ್ನೋ ಪದವನ್ನಲ್ಲ. ಫೋಟೋ ಕನಿಷ್ಠ ಎಂಟು ಬೇಕು: ನಾಲ್ಕು ಬದಿ, ಬುಡ, ಮೇಲಿನಿಂದ ಬಾಯಿ, ಉಬ್ಬಕ್ಷರ, ದೋಷವಿರುವ ಪ್ರತಿ ಜಾಗ. ಬಣ್ಣ ಕಾಣಬೇಕಾದರೆ ಬಿಸಿಲು ನೇರ ಬೀಳದ ಕಿಟಕಿ ಮುಂದೆ ಬಾಟಲಿ ಇಟ್ಟು ಹಿಂದೆ ಬಿಳಿ ಕಾಗದ ಹಿಡಿಯಿರಿ. ಅಕ್ಷರಕ್ಕೆ ಟಾರ್ಚ್ ಪಕ್ಕದಿಂದ ಓರೆಯಾಗಿ ಬಿಡಿ, ಫ್ಲ್ಯಾಶ್ ಬೇಡವೇ ಬೇಡ. "ಒಳ್ಳೇ ಸ್ಥಿತಿ" ಬದಲು "ಬಾಯಿಯ ಹೊರ ಅಂಚಿನಲ್ಲಿ 3 ಮಿಮೀ ಚೂರು ಹೋಗಿದೆ, ಬಿರುಕಿಲ್ಲ, ಒಳಗೆ ಬಿಳಿ ಮಬ್ಬು ಇದೆ" ಅಂತ ಬರೆಯಿರಿ. ಮಬ್ಬು ಮುಚ್ಚಲು ಕೆಲವರು ಒಳಗೆ ಎಣ್ಣೆ ಸವರುತ್ತಾರೆ. ಕೊಂಡವರು ತೊಳೆದ ದಿನವೇ ಗೊತ್ತಾಗುತ್ತದೆ. ಅದು ಮೋಸ.

ಗಾಜಿನ ಗುಳ್ಳೆಗಳನ್ನು ಒಂದೆರಡು ಕಡೆ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ಬಾಟಲಿಯಲ್ಲಿ ಒಂದೇ ಥರ ಇರಲ್ಲ, ವಾಪಸ್ ಬಂದದ್ದು ನಿಮ್ಮದೇ ಹೌದೋ ಅಲ್ಲವೋ ತಿಳಿಯುತ್ತದೆ.

ಪಾರ್ಸೆಲ್‌ಪೆಟ್ಟಿಗೆ:
5 ಕೆಜಿ ಬಂದದ್ದು ಗಾತ್ರದ ತೂಕದಿಂದ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಮೀನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಇದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 40×25×25 ಪೆಟ್ಟಿಗೆ ಅಂದರೆ ಸರಿಯಾಗಿ 5 ಕೆಜಿ. 36×20×20ಕ್ಕೆ ಇಳಿಸಿದರೆ 2.88. ಹರಾಜಿಗೆ ಹಾಕುವ ಮೊದಲೇ ಒಂದನ್ನು ಪ್ಯಾಕ್ ಮಾಡಿ, ಅಳೆದು, ದರ ಕೇಳಿ, ಆಮೇಲೆ ಶುಲ್ಕ ಬರೆಯಿರಿ.

ಹಾಗಂತ ಪೆಟ್ಟಿಗೆ ಬಿಗಿ ಮಾಡಿ ಬಾಟಲಿ ಒಡೆಸಬೇಡಿ. ಮೊದಲು ಗೋಲಿ ಅಲ್ಲಾಡದಂತೆ ಮಾಡಿ: ಮೆತ್ತನೆ ಟಿಶ್ಯೂ ಸುರುಳಿಯನ್ನು ಬಾಯಿಂದ ಇಳಿಸಿ ಗೋಲಿಗೆ ಒತ್ತಿ ನಿಲ್ಲಿಸಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಒಳಗಿನಿಂದಲೇ ಕತ್ತಿಗೆ ಕುಟ್ಟುತ್ತಾ ಹೋಗುತ್ತದೆ. ಕತ್ತಿನ ತಗ್ಗಿಗೆ ಬೇರೆಯಾಗಿ ಬಬಲ್ ರ‍್ಯಾಪ್ ಸುತ್ತಿ ಮೈಯ ಸಮಕ್ಕೆ ತನ್ನಿ, ಆಮೇಲೆ ಇಡೀ ಬಾಟಲಿಗೆ ಮೂರು ಸುತ್ತು. ಒಳಪೆಟ್ಟಿಗೆಗೂ ಹೊರಪೆಟ್ಟಿಗೆಗೂ ಎಲ್ಲ ಕಡೆ 3ರಿಂದ 5 ಸೆಂಮೀ ಅಂತರ. ಬರೀ ಪೇಪರ್ ಉಂಡೆ ತುಂಬಿದರೆ ಎರಡು ದಿನದಲ್ಲಿ ಕುಸಿಯುತ್ತದೆ. ಅಲ್ಲಾಡಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಕಟ್ಟುವುದನ್ನು ಒಂದೇ ಓಟದ ವಿಡಿಯೋ ಮಾಡಿ.

ಹಳೇಗಾಜು:
ಬೆಲೆ ಬಗ್ಗೆ: ಸಾಮಾನ್ಯವಾಗಿ ಗೆದ್ದವರು ಕೊಡುವುದು ಎರಡನೆಯವರ ಗರಿಷ್ಠ ಬಿಡ್‌ಗಿಂತ ಒಂದು ಮೆಟ್ಟಿಲು ಹೆಚ್ಚು. ಎರಡನೆಯವರೇ ಇಲ್ಲದಿದ್ದರೆ ಆರಂಭದ ಬೆಲೆಗೇ ಕೊಡಬೇಕು. ಆದ್ದರಿಂದ ಆರಂಭದ ಬೆಲೆಯನ್ನು ಕೊಟ್ಟರೂ ಬೇಸರವಾಗದಷ್ಟು ಇಡಿ. ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದವುಗಳ ಬೆಲೆ ನೋಡಿ. ಐದನ್ನೂ ಒಟ್ಟಿಗೆ ಹಾಕಿದರೆ ಇರುವ ನಾಲ್ಕು ಗಿರಾಕಿಗಳು ಹಂಚಿಹೋಗುತ್ತಾರೆ. ವಾರಕ್ಕೊಂದು, ಭಾನುವಾರ ರಾತ್ರಿ ಮುಗಿಯುವ ಹಾಗೆ. ಹಣ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂತ ಯಾರಾದರೂ ಕಳಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಯುಪಿಐನಲ್ಲಿ ಹಣ ಬರೋದಕ್ಕೆ ನೀವು ಸ್ಕ್ಯಾನ್ ಮಾಡಿ ಪಿನ್ ಹಾಕುವ ಅಗತ್ಯವೇ ಇಲ್ಲ.

ಇಂಗ್ಲೆಂಡಿನ ವಿಚಾರದಲ್ಲಿ ದಯವಿಟ್ಟು ನಿಲ್ಲಿ. 1972ರ ಪ್ರಾಚ್ಯವಸ್ತು ಕಾಯಿದೆಯಲ್ಲಿ 100 ವರ್ಷ ದಾಟಿದ ವಸ್ತುಗಳ ವ್ಯಾಖ್ಯೆ ವಿಶಾಲವಾಗಿದೆ, ಖಾಸಗಿಯವರು ಅಂಥದ್ದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಶಿಕ್ಷೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಷ್ಟು ಹಳೆಯದಲ್ಲ ಅನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರ ಪಡೆಯಿರಿ. ಪಾರ್ಸೆಲ್ ಮೇಲೆ "ಖಾಲಿ ಬಾಟಲಿ" ಅಂತ ಬರೆದು ಕಳಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ದೇಶದೊಳಗೂ ಇಂಥ ವಸ್ತುಗಳ ವ್ಯಾಪಾರವನ್ನೇ ವೃತ್ತಿ ಮಾಡಿಕೊಂಡರೆ ಲೈಸೆನ್ಸ್ ಬೇಕು.

ಸೋಡಾಸೀಸೆ:
ತುಂಬಾ ಉಪಕಾರ ಸರ್. ರೀಫಂಡ್ ಒಪ್ಪಿಕೊಂಡೆ. ಒಂದೇ ಅನುಮಾನ: ಒಳಗೆ ಸುಣ್ಣದ ಥರ ಬಿಳಿ ಕಟ್ಟಿದೆ, ಆ್ಯಸಿಡ್ ಹಾಕಲೇ?

ಹಳೇಗಾಜು:
ಬೇಡ. ವಿನೆಗರ್ ತುಂಬಿ ಒಂದು ರಾತ್ರಿ ಬಿಡಿ. ಸುಣ್ಣವಾದರೆ ಬಿಡುತ್ತದೆ, ಬಿಡದಿದ್ದರೆ ಗಾಜೇ ಸವೆದಿದೆ ಅಂತ ಅರ್ಥ, ಹಾಗೇ ಬರೆದು ಮಾರಿ. ಮರಳು ಹಾಕಿ ಕುಲುಕಬೇಡಿ, ಗೀರು ಬೀಳುತ್ತದೆ. ಬಿಸಿನೀರೂ ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಹಳೇ ರಬ್ಬರ್ ಉಂಗುರ ಒಣಗಿ ಕಲ್ಲಾಗಿದ್ದರೂ ಕೀಳಬೇಡಿ. ಕೀಳುವಾಗ ಎದ್ದು ಬರುವುದು ಬಾಯಿಯ ಒಳಅಂಚಿನ ಗಾಜು.