ಹಕೋನೆಯಲ್ಲಿ ಎಲ್ಲಿ ಉಳಿಯಬೇಕು? ಜಪಾನ್ ಪ್ರವಾಸ ಸಲಹೆಗಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು):
ಮೇಡಂ, ನಮಸ್ಕಾರ. ಅಕ್ಟೋಬರ್ ಕೊನೆಗೆ ಜಪಾನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, 9 ವರ್ಷದ ಮಗಳು, ಜೊತೆಗೆ ನಮ್ಮಮ್ಮ. ಅಮ್ಮನಿಗೆ 68 ವರ್ಷ. ಮಂಡಿನೋವು ಇರುವುದರಿಂದ ಮೆಟ್ಟಿಲು ಕಷ್ಟ. ಟೋಕಿಯೋ ಮುಗಿಸಿ ಕ್ಯೋಟೋಗೆ ಹೋಗುವ ಮುಂಚೆ ಎರಡು ರಾತ್ರಿ ಹಕೋನೆಯಲ್ಲಿ ಇರೋಣ ಅಂತ. ಜ್ವಾಲಾಮುಖಿ ನೋಡಬೇಕು, ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಬೇಕು, ಇಷ್ಟೇ ಆಸೆ. ಮೂರು ಜಾಗ ಆರಿಸಿಟ್ಟಿದ್ದೇನೆ. ಹಕೋನೆ-ಯುಮೋತೊ ಸ್ಟೇಷನ್ ಹತ್ತಿರ ಒಂದು ದೊಡ್ಡ ಹೋಟೆಲ್, ಗೋರಾದಲ್ಲಿ ಒಂದು ರಿಯೋಕಾನ್ (ಹಳೇ ಪದ್ಧತಿಯ ಜಪಾನಿ ವಸತಿಗೃಹ), ಆಶಿ ಸರೋವರದ ದಡದಲ್ಲಿ ಇನ್ನೊಂದು ಹೋಟೆಲ್. ಕೊನೆಯದರ ಫೋಟೋದಲ್ಲಿ ಕಿಟಕಿಯಿಂದಲೇ ಫ್ಯೂಜಿ ಪರ್ವತ ಕಾಣುತ್ತದೆ. ಮನೆಯಲ್ಲಿ ಎಲ್ಲರ ವೋಟೂ ಅದಕ್ಕೇ. ನೀವು ಯಾವುದು ಅನ್ನುತ್ತೀರಿ?

ಉತ್ತರ:
ನಮಸ್ಕಾರ ಸರ್. ನನ್ನ ವೋಟು ಗೋರಾಕ್ಕೆ. ಆದರೆ ಒಂದು ಷರತ್ತಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಕೋನೆ ಅಂದರೆ ಒಂದೇ ಪೇಟೆ ಅಂದುಕೊಂಡು ಬುಕ್ ಮಾಡುವವರು ತುಂಬಾ ಜನ. ಅದು ಒಂದು ಹಳೇ ಜ್ವಾಲಾಮುಖಿ. ಕುಸಿದ ಅದರ ಬಾಯಿ, ಸುತ್ತಲಿನ ಇಳಿಜಾರು, ಅಲ್ಲಲ್ಲಿ ಹರಡಿರುವ ಸಣ್ಣ ಸಣ್ಣ ಊರುಗಳು, ಎಲ್ಲ ಸೇರಿ ಹಕೋನೆ. ಆಶಿ ಸರೋವರ ಇರುವುದೂ ಆ ಬಾಯಿಯ ಒಳಗೇ. ಯುಮೋತೊ ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದೆ. ಗೋರಾ 500 ಮೀಟರ್ ದಾಟುತ್ತದೆ. ಗಂಧಕದ ಹೊಗೆ ಏಳುವ ಓವಾಕುದಾನಿ ಕಣಿವೆ 1000 ಮೀಟರ್‌ಗಿಂತ ಸ್ವಲ್ಪ ಮೇಲೆ. ಹಾಗಾಗಿ ನಾನು ಮೊದಲು ಕೇಳುವುದು ಕಿಟಕಿಯಿಂದ ಏನು ಕಾಣುತ್ತದೆ ಅಂತಲ್ಲ. ಸಂಜೆ 5 ಗಂಟೆಗೆ ಸೂಟ್‌ಕೇಸ್ ಎಳೆದುಕೊಂಡು, ಅಮ್ಮನ ಕೈ ಹಿಡಿದುಕೊಂಡು ಆ ಕೋಣೆಗೆ ಹೇಗೆ ತಲುಪುತ್ತೀರಿ ಅಂತ.

ಸರೋವರದ ದಡಕ್ಕೆ, ಅಂದರೆ ಮೋತೋ-ಹಕೋನೆ ಕಡೆಗೆ, ರೈಲಿಲ್ಲ. ಬಸ್ಸೇ ಗತಿ. ರಜಾದಿನ ರಸ್ತೆ ಕಟ್ಟಿಕೊಳ್ಳುತ್ತದೆ, ಸಂಜೆಯಾದರೆ ಬಸ್ಸು ಕಡಿಮೆ, ಅಂಗಡಿಗಳೂ ಬೇಗ ಮುಚ್ಚುತ್ತವೆ. ಇನ್ನು ಫ್ಯೂಜಿ. ಮೋಡ ಇಲ್ಲದಿದ್ದರೆ ನಿಜಕ್ಕೂ ಚೆನ್ನಾಗಿ ಕಾಣುತ್ತದೆ, ಸುಳ್ಳಲ್ಲ. ಚಳಿಗಾಲದ ಬೆಳಗಿನ ಹೊತ್ತು ಕಾಣುವ ಸಾಧ್ಯತೆ ಜಾಸ್ತಿ. ಅಕ್ಟೋಬರ್ ಕೊನೆಯಲ್ಲಿ ಅದೃಷ್ಟ. ಎರಡು ದಿನವೂ ಮಂಜು ಮುಸುಕಿದರೆ ಕಿಟಕಿಗೆ ಕೊಟ್ಟ ದುಡ್ಡು ನೀರಿಗೆ ಹೋದ ಹಾಗೆ. ಆಕಾಶ ತಿಳಿಯಾಗಿದ್ದರೆ ಓವಾಕುದಾನಿಗೆ ಹೋಗುವ ರೋಪ್‌ವೇಯಿಂದಲೂ ಫ್ಯೂಜಿ ಕಾಣುತ್ತದೆ, ಅದಕ್ಕಾಗಿ ದಡದಲ್ಲೇ ಉಳಿಯಬೇಕಾಗಿಲ್ಲ.

ಯುಮೋತೊ ಸುಲಭದ ಜಾಗ. ಟೋಕಿಯೋದ ಶಿಂಜುಕುವಿನಿಂದ ರೊಮ್ಯಾನ್ಸ್‌ಕಾರ್ ರೈಲು ಹತ್ತಿದರೆ ಒಂದೂವರೆ ಗಂಟೆಯ ಒಳಗೆ ನೇರ ಅಲ್ಲೇ ಇಳಿಯುತ್ತೀರಿ. ಅಂಗಡಿ, ಹೋಟೆಲ್, ತಿಂಡಿ ಎಲ್ಲ ಕೈಗೆ ಸಿಗುತ್ತವೆ. ಆದರೆ ಬೆಟ್ಟದ ಊರು ಅನ್ನಿಸುವುದಿಲ್ಲ, ಬೆಟ್ಟದ ಬುಡದ ಪೇಟೆ ಅನ್ನಿಸುತ್ತದೆ.

ಗೋರಾ ಯಾಕೆ ಅಂದರೆ, ಯುಮೋತೊದಿಂದ ಮೇಲೆ ಹೋಗುವ ಬೆಟ್ಟದ ರೈಲಿನ ಕೊನೇ ಸ್ಟೇಷನ್ ಅದು. ಮುಂದಕ್ಕೆ ಸೋಉನ್ಜಾನ್‌ಗೆ ಹೋಗುವ ಕೇಬಲ್ ಕಾರ್ ಶುರುವಾಗುವುದೂ ಅಲ್ಲೇ. ಅಲ್ಲಿಂದ ರೋಪ್‌ವೇ ಹಿಡಿದು ಓವಾಕುದಾನಿ, ಆಮೇಲೆ ತೋಗೆಂದೈಗೆ ಇಳಿದು ಸರೋವರದಲ್ಲಿ ಹಡಗು. ಟೋಕಿಯೋದಿಂದ ಒಂದು ದಿನಕ್ಕೆ ಬರುವವರೆಲ್ಲ ಗೋರಾ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತದೆ, ಆಗ ಕೇಬಲ್ ಕಾರ್‌ಗೆ ಉದ್ದ ಸಾಲು. ನೀವು ತಿಂಡಿ ಮುಗಿಸಿ ಅವರಿಗಿಂತ ಮೊದಲೇ ಹೊರಟರೆ ಅಮ್ಮ ನಿಂತುಕೊಂಡು ಕಾಯುವುದು ತಪ್ಪುತ್ತದೆ. ಇನ್ನು ಆ ಬೆಟ್ಟದ ರೈಲು 1919ರಿಂದ ಓಡುತ್ತಿದೆ. ಕಡಿದಾದ ಕಡೆ ಮೂರು ಸಲ ದಿಕ್ಕು ಬದಲಿಸಿ ಹಿಂದುಮುಂದಾಗಿ ಹತ್ತುತ್ತದೆ. ಡ್ರೈವರ್ ಮತ್ತು ಗಾರ್ಡ್ ಇಳಿದು ಜಾಗ ಬದಲಾಯಿಸಿಕೊಳ್ಳುವುದನ್ನು ನೋಡುವುದೇ ಮಕ್ಕಳಿಗೆ ಒಂದು ಮಜಾ.

ಈಗ ಷರತ್ತು. ಗೋರಾ ಪೂರ್ತಿ ಏರು. ನಕ್ಷೆಯಲ್ಲಿ 400 ಮೀಟರ್ ಅಂತ ಕಾಣುವ ದಾರಿ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗಿರಬಹುದು. ಸ್ಟೇಷನ್‌ಗೆ ತಾಗಿಕೊಂಡಿರಬೇಕು, ಇಲ್ಲಾ ಕರೆದೊಯ್ಯಲು ಅವರೇ ಗಾಡಿ ಕಳಿಸಬೇಕು. ಜೊತೆಗೆ ಮಂಚ ಇರುವ ಕೋಣೆ ಸಿಗಬೇಕು. ರಿಯೋಕಾನ್‌ನಲ್ಲಿ ಸಾಮಾನ್ಯವಾಗಿ ತತಾಮಿ ಚಾಪೆಯ ನೆಲದ ಮೇಲೇ ಹಾಸಿಗೆ ಹಾಸುತ್ತಾರೆ, ಊಟದ ಮೇಜೂ ಗಿಡ್ಡ. ಮಂಡಿನೋವಿನವರಿಗೆ ಕೂತು ಏಳುವುದೇ ಶಿಕ್ಷೆ. ಒಂದು ಕಡೆ ಮಂಚ, ಇನ್ನೊಂದು ಕಡೆ ತತಾಮಿ ಇರುವ ಕೋಣೆ ಅನೇಕ ಕಡೆ ಸಿಗುತ್ತದೆ. ನಿಮ್ಮ ನಾಲ್ಕು ಜನಕ್ಕೆ ಹೇಳಿ ಮಾಡಿಸಿದ ಹಾಗೆ. ಈ ಎರಡು ಸಿಗದಿದ್ದರೆ ಸುಮ್ನೆ ಯುಮೋತೊ ಹೋಟೆಲ್ ತೆಗೆದುಕೊಳ್ಳಿ.

ಇನ್ನೊಂದು ಮಾತು. ರಿಯೋಕಾನ್ ದರ ಹೆಚ್ಚಾಗಿ ತಲೆಗೆ ಇಷ್ಟು ಅಂತ ಇರುತ್ತದೆ, ಕೋಣೆಗಲ್ಲ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಇಬ್ಬರು ಅಂತ ಹಾಕಿ ದರ ನೋಡಿ ಖುಷಿಪಡಬೇಡಿ, ಮಗಳ ವಯಸ್ಸು ಸೇರಿಸಿ ನೋಡಿ. ಶನಿವಾರದ ರಾತ್ರಿ ದುಬಾರಿ. ನವೆಂಬರ್ 3 ಅಲ್ಲಿ ರಾಷ್ಟ್ರೀಯ ರಜೆ, ನಿಮ್ಮ ದಿನಾಂಕ ಅದಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಬೆಳಿಗ್ಗೆ ಟೋಕಿಯೋದಿಂದ ಹೋಗಿ ರಾತ್ರಿ ವಾಪಸ್ ಬಂದೆವು. ರೋಪ್‌ವೇ, ಹಡಗು ಎರಡೂ ಆಯಿತು. ಎರಡು ರಾತ್ರಿ ಅಲ್ಲಿ ಉಳಿದು ಅಷ್ಟು ದುಡ್ಡು ಸುರಿಯುವ ಅಗತ್ಯ ಇದೆಯಾ?

ಉತ್ತರ:
ಗಟ್ಟಿ ಕಾಲಿನವರಿಗೆ ಒಂದು ದಿನ ಸಾಕು, ಒಪ್ಪುತ್ತೇನೆ. ಒಂದು ದಿನಕ್ಕೆ ಬಂದವರೂ ಶುಲ್ಕ ಕೊಟ್ಟು ಸ್ನಾನ ಮಾಡುವ ಬುಗ್ಗೆಮನೆಗಳೂ ಅಲ್ಲಿವೆ. ಆದರೆ ಜೋರು ಗಾಳಿ ಬೀಸಿದರೆ ರೋಪ್‌ವೇ ನಿಲ್ಲಿಸುತ್ತಾರೆ. ಅವತ್ತೇ ನೀವು ಹೋಗಿದ್ದರೆ ಕಥೆ ಮುಗಿಯಿತು, ಬದಲಿ ಬಸ್ಸಿನಲ್ಲಿ ಮಂಜು ನೋಡಿಕೊಂಡು ಬರಬೇಕು. ಎರಡು ರಾತ್ರಿ ಇದ್ದರೆ ಮಾರನೇ ದಿನ ಇನ್ನೊಂದು ಅವಕಾಶ ಇರುತ್ತದೆ. ಜೊತೆಗೆ, ಬುಗ್ಗೆಯ ನೀರಿಗೆ ಇಳಿಯುವುದು ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ. ಜಪಾನಿನವರು ಹಕೋನೆಗೆ ಹೋಗುವುದೇ ಅದಕ್ಕೆ. ಮಂಡಿನೋವಿನ ಅಮ್ಮನಿಗೂ ಹಿತವಾಗುವುದು ಅದೇ. ರೈಲು, ಕೇಬಲ್ ಕಾರ್, ಹಡಗು, ಬಸ್ಸು ಎಲ್ಲವನ್ನೂ ಒಂದೇ ದಿನ ಹತ್ತಿ ಇಳಿದರೆ ಅವರಿಗೆ ನೆನಪಿರುವುದು ಸುಸ್ತು ಒಂದೇ.

ಪ್ರಶ್ನೆ (ಮೈಸೂರಿನ ಸದಸ್ಯರು):
ಸ್ನಾನದ್ದೇ ದೊಡ್ಡ ತಲೆನೋವು ಮೇಡಂ. ಬೇರೆಯವರ ಮುಂದೆ ಬಟ್ಟೆ ಇಲ್ಲದೆ ನೀರಿಗಿಳಿಯಬೇಕಂತೆ. ಅಮ್ಮ ಕೇಳಿದ ತಕ್ಷಣ "ನಾನು ಕೋಣೆಯಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ" ಅಂದುಬಿಟ್ಟರು. ಮನೆಯವರಿಗೂ ಮುಜುಗರ.

ಉತ್ತರ:
ಮುಜುಗರ ಪಡುವುದರಲ್ಲಿ ತಪ್ಪೇನಿಲ್ಲ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಕೊಳ ಇದ್ದರೂ ಈಜುಡುಗೆ ಹಾಕಿಕೊಂಡು ಇಳಿಯಲು ಬಿಡುವುದಿಲ್ಲ. ಅದಕ್ಕೇ ಬುಕ್ ಮಾಡುವಾಗ ಬಾಡಿಗೆಗೆ ಸಿಗುವ ಖಾಸಗಿ ಕೊಳ ಇದೆಯೇ ಅಂತ ನೋಡಿ. ಒಂದು ಕುಟುಂಬಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕೊಡುತ್ತಾರೆ, ಒಳಗಿಂದ ಬಾಗಿಲು ಹಾಕಿಕೊಳ್ಳಬಹುದು. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ದುಡ್ಡು. ಕೋಣೆಯ ಬಾಲ್ಕನಿಯಲ್ಲೇ ತೊಟ್ಟಿ ಇರುವ ರಿಯೋಕಾನ್‌ಗಳೂ ಇವೆ, ಬೆಲೆ ಜಾಸ್ತಿ. ನಿಮ್ಮ ಮನೆಗೆ ಫ್ಯೂಜಿ ಕಾಣುವ ಕಿಟಕಿಗಿಂತ ಅದೇ ಮೇಲು. ಆದರೆ ಆ ತೊಟ್ಟಿಗೆ ಬರುವುದು ಬುಗ್ಗೆಯ ನೀರೋ ಅಥವಾ ಬರೀ ಕಾಯಿಸಿದ ನಲ್ಲಿ ನೀರೋ ಕೇಳಿಕೊಳ್ಳಿ. ಎರಡೂ ಉಂಟು.

ಮಗಳಿಗೆ ನೀರಲ್ಲಿ ಆಡಬೇಕು ಅಂತಿದ್ದರೆ ಕೊವಾಕುದಾನಿ ಹತ್ತಿರ ಯುನೆಸ್ಸನ್ ಅಂತ ಬಿಸಿನೀರಿನ ಪಾರ್ಕ್ ಇದೆ. ಅಲ್ಲಿ ಈಜುಡುಗೆಯಲ್ಲೇ ಇಳಿಯುವ ಭಾಗ ಇರುವುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದು.

ನೀರಿಗಿಳಿಯುವ ಮುಂಚೆ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಮೈ ತೊಳೆದುಕೊಳ್ಳಬೇಕು. ಕೊಳದೊಳಗೆ ಸೋಪೂ ಇಲ್ಲ, ಟವೆಲ್ಲೂ ಇಲ್ಲ, ಉದ್ದ ಕೂದಲು ಕಟ್ಟಿಕೊಳ್ಳಬೇಕು. ದೊಡ್ಡ ಹಚ್ಚೆ ಇದ್ದವರನ್ನು ಕೆಲವು ಕಡೆ ಬಿಡುವುದಿಲ್ಲ. ಗಂಡಸರ ಕೊಳ, ಹೆಂಗಸರ ಕೊಳ ಬೆಳಿಗ್ಗೆ ಸಂಜೆ ಅದಲುಬದಲಾಗುವುದೂ ಉಂಟು, ಬಾಗಿಲ ಪರದೆ ನೋಡದೆ ನುಗ್ಗಬೇಡಿ. ನೀರು 40ರಿಂದ 42 ಡಿಗ್ರಿ ಇರುತ್ತದೆ. ಅಮ್ಮನಿಗೆ ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ. ಊಟವಾದ ಕೂಡಲೇ ಇಳಿಸಬೇಡಿ, ಒಂದೈದು ನಿಮಿಷ ಇದ್ದು ಹೊರಗೆ ಬರಲಿ, ಏಳುವಾಗ ಯಾರಾದರೂ ಕೈ ಕೊಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಅಕ್ಕಾರ, ನಾವೂ ಮುಂದಿನ ವರ್ಷ ಹೋಗೋರಿದ್ದೇವೆ. 2015ರಲ್ಲಿ ಅಲ್ಲಿ ಜ್ವಾಲಾಮುಖಿ ಸಿಡಿದಿತ್ತು ಅಂತ ಓದಿದೆ. ಅಂಥ ಜಾಗದಾಗ ಮಕ್ಕಳನ್ನ ಕರಕೊಂಡು ಮಲಗೋದು ಸುರಕ್ಷಿತ ಏನ್ರೀ?

ಉತ್ತರ:
2015ರ ಜೂನ್ ಕೊನೆಯಲ್ಲಿ ಓವಾಕುದಾನಿಯಲ್ಲಿ ಸಿಡಿದದ್ದು ನಿಜ. ಆದರೆ ಅದು ತುಂಬಾ ಸಣ್ಣದು. ನೆಲದೊಳಗಿನ ನೀರು ಕಾದು ಹಬೆಯಾಗಿ ಬೂದಿಯನ್ನು ಮೇಲಕ್ಕೆ ಎಸೆಯಿತು, ಲಾವಾ ಹರಿಯಲಿಲ್ಲ. ಅದಕ್ಕೂ ಎರಡು ತಿಂಗಳ ಮೊದಲೇ ಸಣ್ಣ ಭೂಕಂಪಗಳು ಹೆಚ್ಚಿದ್ದವು. ಮೇ ತಿಂಗಳಲ್ಲೇ ಎಚ್ಚರಿಕೆಯ ಮಟ್ಟವನ್ನು 2ಕ್ಕೆ ಏರಿಸಿ ಕಣಿವೆಯನ್ನು ಮುಚ್ಚಿದ್ದರು, ಆಮೇಲೆ 3 ಆಯಿತು. ನವೆಂಬರ್‌ನಲ್ಲಿ ಮತ್ತೆ 1ಕ್ಕೆ ಇಳಿಯಿತು. 2019ರಲ್ಲೂ ಕೆಲವು ತಿಂಗಳು 2ಕ್ಕೆ ಏರಿತ್ತು, ಸಿಡಿಯಲಿಲ್ಲ. ಒಟ್ಟು ಮಟ್ಟಗಳು 5. ಇದನ್ನು ಜಪಾನಿನ ಹವಾಮಾನ ಸಂಸ್ಥೆ ಪ್ರಕಟಿಸುತ್ತದೆ, ಹೊರಡುವ ಮುಂಚಿನ ವಾರ ನೋಡಿಕೊಳ್ಳಿ. ಇಂಥ ಹೊತ್ತಲ್ಲಿ ಮುಚ್ಚುವುದು ಹೊಗೆಯೇಳುವ ಜಾಗದ ಸುತ್ತಮುತ್ತ ಮಾತ್ರ. 2015ರಲ್ಲಿ ಯುಮೋತೊ, ಗೋರಾ ಪೇಟೆಗಳು ತೆರೆದೇ ಇದ್ದವು.

ನಿಮಗೆ ನಾನು ಎಚ್ಚರಿಕೆ ಹೇಳಬೇಕಾದ್ದು ಸಿಡಿಯುವುದರ ಬಗ್ಗೆ ಅಲ್ಲ, ಗಾಳಿಯ ಬಗ್ಗೆ. ಓವಾಕುದಾನಿಯ ಗಾಳಿಯಲ್ಲಿ ಗಂಧಕದ ಅನಿಲ ಇರುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಅಲ್ಲಿ ಇಳಿಯಬಾರದು ಅಂತ ಅವರೇ ಬೋರ್ಡ್ ಹಾಕಿದ್ದಾರೆ. ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಆ ಕಣಿವೆ ಬಿಟ್ಟು ಬಸ್ಸಿನಲ್ಲಿ ಸರೋವರಕ್ಕೆ ಹೋಗಿ. ಅಲ್ಲಿ ಮಾರುವ ಕಪ್ಪು ಮೊಟ್ಟೆ ತಿಂದರೆ ಆಯುಷ್ಯ 7 ವರ್ಷ ಜಾಸ್ತಿಯಾಗುತ್ತದಂತೆ. ಬುಗ್ಗೆಯಲ್ಲಿ ಬೇಯಿಸಿದಾಗ ಚಿಪ್ಪು ಕಪ್ಪಾಗುತ್ತದೆ ಅಷ್ಟೇ, ಒಳಗೆ ಮಾಮೂಲಿ ಮೊಟ್ಟೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ನಾವು ಮೊಟ್ಟೆಯೂ ತಿನ್ನುವುದಿಲ್ಲ ಮೇಡಂ! ಊಟ ಸೇರಿದ ಪ್ಯಾಕೇಜ್ ತೆಗೆದುಕೊಳ್ಳಲೋ ಬೇಡವೋ?

ಉತ್ತರ:
ಜಪಾನಿ ಅಡುಗೆಯ ಬುನಾದಿ ದಾಶಿ ಅನ್ನುವ ಸಾರು. ಸಾಮಾನ್ಯವಾಗಿ ಒಣಮೀನಿನ ತುರಿ ಹಾಕಿ ತೆಗೆಯುತ್ತಾರೆ. ಸೂಪು, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ರಸ ಎಲ್ಲದರಲ್ಲೂ ಅದು ಸೇರಿರಬಹುದು. "ವೆಜಿಟೇರಿಯನ್" ಅಂತ ಮಾತ್ರ ಬರೆದರೆ ಮೀನಿನ ತುಂಡು ತೆಗೆದು ಅದೇ ಸಾರು ಕೊಟ್ಟುಬಿಡುತ್ತಾರೆ. ಅವರ ಕಣ್ಣಿಗೆ ಅದು ತರಕಾರಿ ಊಟವೇ. ಹಾಗಾಗಿ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ ಅಂತ ಒಂದೊಂದನ್ನೂ ಹೆಸರು ಹೇಳಿ, ಬುಕ್ ಮಾಡುವ ಮೊದಲೇ ಇಮೇಲ್ ಮಾಡಿ. ಆಗುತ್ತದೆ ಅಂತ ಬರಹದಲ್ಲಿ ಬಂದರೆ ಊಟದ ಪ್ಯಾಕೇಜ್ ತೆಗೆದುಕೊಳ್ಳಿ. ಆಗುವುದಿಲ್ಲ ಅಂದರೆ ಅವರ ಮೇಲೆ ಬೇಜಾರು ಬೇಡ. ಅಲ್ಲಿ ಹೋದ ಮೇಲೆ ಹೇಳಿದರೆ ಮಾತ್ರ ಯಾರೂ ಏನೂ ಮಾಡಲಾರರು, ಅಡುಗೆ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ.

ಊಟ ಬೇಡ ಅಂತ ತೀರ್ಮಾನಿಸಿದರೆ ಯುಮೋತೊವೇ ವಾಸಿ, ಹೊರಗೆ ಆಯ್ಕೆ ಇರುತ್ತದೆ. ಗೋರಾದಲ್ಲಿ ರಾತ್ರಿ 8 ಆದಮೇಲೆ ಹೊರಗೆ ಊಟ ಹುಡುಕುವುದು ಕಷ್ಟ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್, ಚಟ್ನಿಪುಡಿ ಇಟ್ಟುಕೊಳ್ಳಿ. ಬಿಸಿನೀರಿನ ಕೆಟಲ್ ಬಹುತೇಕ ಎಲ್ಲ ಕೋಣೆಯಲ್ಲೂ ಇರುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಬ್ಯಾಗಿಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಟೋಕಿಯೋದಲ್ಲಿರುವ ಸದಸ್ಯರು:
ಒಂದು ಮಾತು ಸೇರಿಸುತ್ತೇನೆ. ದೊಡ್ಡ ಸೂಟ್‌ಕೇಸ್‌ಗಳನ್ನು ಹಕೋನೆಗೆ ಒಯ್ಯಲೇಬೇಡಿ. ಟೋಕಿಯೋ ಹೋಟೆಲ್‌ನ ಕೌಂಟರಿನಲ್ಲಿ ಕೊಟ್ಟರೆ ಕ್ಯೋಟೋ ಹೋಟೆಲ್‌ಗೆ ಕೊರಿಯರ್‌ನಲ್ಲಿ ಕಳಿಸುತ್ತಾರೆ. ಎರಡು ದಿನದ ಬಟ್ಟೆ ಬೆನ್ನಿಗೆ ಹಾಕಿಕೊಂಡು ಹೋಗಿ. ರಿಯೋಕಾನ್‌ನಲ್ಲಿ ಯುಕತಾ ನಿಲುವಂಗಿ ಅವರೇ ಕೊಡುತ್ತಾರೆ.

ಉತ್ತರ:
ಒಳ್ಳೇ ಸಲಹೆ. ಒಯ್ಯಲೇಬೇಕಾದರೆ ಯುಮೋತೊ ಸ್ಟೇಷನ್‌ನಲ್ಲಿ ಬೆಳಿಗ್ಗೆ ಲಗೇಜ್ ತೆಗೆದುಕೊಂಡು ಮಧ್ಯಾಹ್ನದ ಮೇಲೆ ನಿಮ್ಮ ಹೋಟೆಲ್‌ಗೆ ಮುಟ್ಟಿಸುವ ಕೌಂಟರ್ ಇದೆ. ಕ್ಯೋಟೋಗೆ ಹೋಗುವ ದಿನ ವಾಪಸ್ ಟೋಕಿಯೋಗೆ ಬರಬೇಡಿ. ಬೆಟ್ಟ ಇಳಿದು ಒಡವಾರಾಕ್ಕೆ ಬನ್ನಿ. ಅಲ್ಲಿ ಶಿಂಕಾನ್‌ಸೆನ್ (ಬುಲೆಟ್ ರೈಲು) ನಿಲ್ಲುತ್ತದೆ, ಆದರೆ ಅದರಲ್ಲಿ ಎಲ್ಲಕ್ಕಿಂತ ವೇಗದ ನೊಝೋಮಿ ನಿಲ್ಲುವುದಿಲ್ಲ. ನಿಧಾನದ ಕೊದಾಮಾ ರೈಲುಗಳೆಲ್ಲ ನಿಲ್ಲುತ್ತವೆ, ವೇಗದ ಹಿಕಾರಿಗಳಲ್ಲಿ ಕೆಲವು ಮಾತ್ರ, ಸಮಯ ನೋಡಿ ಹಿಕಾರಿಯಲ್ಲಿ ಸೀಟು ಹಿಡಿಯಿರಿ. ಸುಮಾರು ಎರಡು ಗಂಟೆಯಲ್ಲಿ ಕ್ಯೋಟೋ.

ಪ್ರಶ್ನೆ (ಮೈಸೂರಿನ ಸದಸ್ಯರು):
ಗೋರಾದ ರಿಯೋಕಾನ್‌ಗೆ ಬರೆದಿದ್ದೆ. ಮಂಚದ ಕೋಣೆ ಇದೆ, ಖಾಸಗಿ ಕೊಳ ಇದೆ, ಸ್ಟೇಷನ್‌ನಿಂದ ಗಾಡಿಯೂ ಕಳಿಸುತ್ತಾರಂತೆ. ಊಟದ ಬಗ್ಗೆ ಅಡುಗೆಯವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಅಮ್ಮನೂ ಈಗ "ನೋಡೋಣ" ಅನ್ನುವ ಹಂತಕ್ಕೆ ಬಂದಿದ್ದಾರೆ. ಮನೆಯವರದ್ದು ಒಂದೇ ಪ್ರಶ್ನೆ: ತಾಳಿ, ಕಾಲುಂಗುರ ಹಾಕಿಕೊಂಡೇ ಆ ನೀರಿಗೆ ಇಳಿಯಬಹುದಾ?

ಉತ್ತರ:
ಅದು ಯಾವ ನೀರು ಅನ್ನುವುದರ ಮೇಲೆ ಹೋಗುತ್ತದೆ. ಯುಮೋತೊ ಕಡೆ ಹೆಚ್ಚಾಗಿ ತಿಳಿನೀರು. ಗೋರಾದ ಕೆಲವು ಕಡೆ ಓವಾಕುದಾನಿಯಿಂದ ಪೈಪಿನಲ್ಲಿ ಬರುವ ಗಂಧಕದ ನೀರು, ಹಾಲಿನ ಹಾಗೆ ಬೆಳ್ಳಗಿರುತ್ತದೆ. ಅದರಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ, ಮಗಳ ಬೆಳ್ಳಿ ಸರ ಏನಿದ್ದರೂ ಬಿಚ್ಚಿಡಲಿ. ಚಿನ್ನದಲ್ಲೂ ತಾಮ್ರ, ಬೆಳ್ಳಿ ಬೆರಕೆ ಇರುವುದರಿಂದ ಬಣ್ಣ ಮಂಕಾಗಬಹುದು. ತಾಳಿ ತೆಗೆಯಲು ಮನಸ್ಸಿಲ್ಲದವರು ಆ ಎರಡು ದಿನ ಅರಿಶಿನದ ದಾರದಲ್ಲಿ ಕೊಂಬು ಕಟ್ಟಿಕೊಂಡು ಹೋಗಿದ್ದೂ ಉಂಟು. ಆದರೆ ಅರಿಶಿನದ ಬಣ್ಣ ಅವರ ಬಿಳಿ ಟವೆಲ್‌ಗೆ ಹತ್ತುತ್ತದೆ, ಒರೆಸಿಕೊಳ್ಳಲು ನಿಮ್ಮದೇ ಒಂದು ಟವೆಲ್ ಇಟ್ಟುಕೊಳ್ಳಿ.