ಜಂತಿನ ಔಷಧಿ ಹಾಕಿದರೂ ಕುದುರೆಗೆ ಮೈ ಹಿಡಿಯುತ್ತಿಲ್ಲ, ಲದ್ದಿ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ, ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮದುವೆ ಮೆರವಣಿಗೆಗೆ ಹೋಗುವ ಒಂದು ಬಿಳಿ ಕುದುರೆ ಇದೆ. 7 ವರ್ಷದ ಹೆಣ್ಣು. ಜೊತೆಗೆ ಅದರ 5 ತಿಂಗಳ ಮರಿ. ಎರಡು ತಿಂಗಳಿಗೊಮ್ಮೆ ತಪ್ಪದೆ ಇಬ್ಬರಿಗೂ ಜಂತಿನ ಔಷಧಿ ಕುಡಿಸುತ್ತೇನೆ, ಅಂಗಡಿಯವರು ಕೊಡುವ ಬಿಳಿ ಫೆನ್‌ಬೆಂಡಜೋಲ್. ಹೋದ ಸಲ ಹಾಕಿ 20 ದಿನ ಆಯ್ತು. ಆದರೂ ತಾಯಿಗೆ ಮೈ ಹಿಡಿಯುತ್ತಿಲ್ಲ. ಕೂದಲಿಗೆ ಹೊಳಪಿಲ್ಲ, ಪಕ್ಕೆಲುಬು ಎಣಿಸಬಹುದು. ದಿನಾ ಹುರುಳಿ ಬೇಯಿಸಿ ಹಾಕುತ್ತೇನೆ, ಮೇವಿಗೂ ಕೊರತೆ ಮಾಡಿಲ್ಲ. ಮರಿಯ ಹೊಟ್ಟೆ ಗಡಿಗೆ ತರಹ ಉಬ್ಬಿದೆ. ನಿನ್ನೆ ಬೆಳಿಗ್ಗೆ ಅದರ ಲದ್ದಿಯಲ್ಲಿ ಗೇಣುದ್ದದ ದಪ್ಪ ಬಿಳಿ ಹುಳ ಬಿದ್ದಿತ್ತು, ನೋಡಿ ಎದೆ ಝಲ್ ಅಂತು. ಕುರಿಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟುಬಿಡು ಅಂತಾರೆ ಕೆಲವರು. ಕೊಡಬಹುದಾ?

ಉತ್ತರ, ಕುಷ್ಟಗಿ ಕಡೆಯ ಕುರಿಗಾರ

ಅಣ್ಣಾ, ಇಂಜೆಕ್ಷನ್ ಮಾತ್ರ ಬೇಡ. ನಮ್ಮ ಹಟ್ಟಿಯ ಸಾಮಾನು ಹೊರುವ ಕುದುರೆಗೆ ಕುರಿಗಳ ಜೊತೆಯಲ್ಲೇ ಅದನ್ನು ಕೊಟ್ಟಿದ್ದೆವು. ಮೂರನೇ ದಿನ ಕುತ್ತಿಗೆ ಬಾತು ಕಲ್ಲಾಯ್ತು, ತಲೆ ಕೆಳಗೆ ಬಗ್ಗಿಸಿ ನೀರು ಕುಡಿಯೋಕೂ ಆಗಲಿಲ್ಲ. ಬಕೆಟ್ ಎತ್ತಿ ಹಿಡಿದು ಕುಡಿಸಿದೆವು. ಉಳಿಯಿತು, ಆದರೆ ಒಂದು ತಿಂಗಳು ಹೊರೆ ಹಾಕಲಿಲ್ಲ. ಕುದುರೆಗೆ ಬಾಯಿಂದ ಕೊಡುವ ಪೇಸ್ಟ್ ಬೇರೆ ಬರುತ್ತೆ, ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಉತ್ತರ, ರಾಯಚೂರಿನ ಪಶುವೈದ್ಯ

ಮೇಲಿನವರು ಹೇಳಿದ್ದು ಸರಿ. ದನ ಕುರಿಯ ಐವರ್‌ಮೆಕ್ಟಿನ್ ಇಂಜೆಕ್ಷನ್ನಿಂದ ಕುದುರೆಗೆ ಸೂಜಿ ಚುಚ್ಚಿದ ಜಾಗದಲ್ಲಿ ಕೆಟ್ಟ ಸೋಂಕಾಗಿ ಜೀವಕ್ಕೇ ಅಪಾಯ ಬಂದದ್ದುಂಟು.

ಲದ್ದಿ ಪರೀಕ್ಷೆ ಖಂಡಿತ ಮಾಡಿಸಿ, ಅದೂ ಈಗಲೇ. ಔಷಧಿ ಹಾಕಿ 20 ದಿನಕ್ಕೇ ಜಾಸ್ತಿ ಮೊಟ್ಟೆ ಕಂಡರೆ ಔಷಧಿ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಬೆಳಿಗ್ಗೆ ಬಿಸಿಯಾಗಿ ಬಿದ್ದ ಲದ್ದಿಯ ನಾಲ್ಕೈದು ಉಂಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಪೂರ್ತಿ ಹೊರಗೆ ಒತ್ತಿ ಬಿಗಿಯಾಗಿ ಕಟ್ಟಿ. ತಂಪಾಗಿಟ್ಟು ಅವತ್ತೇ ತಲುಪಿಸಿ, ನಮ್ಮ ಕಡೆಯ ಬಿಸಿಲಿಗೆ ಕವರಿನಲ್ಲೇ ಮೊಟ್ಟೆ ಒಡೆದು ಮರಿಯಾದರೆ ಲೆಕ್ಕ ಸಿಗಲ್ಲ. ತಾಯಿ ಮರಿ ಎರಡರದ್ದೂ ಬೇರೆ ಬೇರೆ ಕವರ್. ಲ್ಯಾಬಿನಲ್ಲಿ ದಟ್ಟ ಉಪ್ಪುನೀರಿನಲ್ಲಿ ಕಲಸಿದಾಗ ಮೊಟ್ಟೆ ಮೇಲೆ ತೇಲುತ್ತೆ, ಗೆರೆ ಹಾಕಿದ ಗಾಜಿನಲ್ಲಿ ಎಣಿಸಿ ಒಂದು ಗ್ರಾಂಗೆ ಎಷ್ಟು ಅಂತ ಹೇಳುತ್ತಾರೆ. ದೊಡ್ಡ ಕುದುರೆಯಲ್ಲಿ 200ರ ಒಳಗಿದ್ದರೆ ಕಡಿಮೆ, 500 ದಾಟಿದರೆ ಜಾಸ್ತಿ. ಲಾಡಿಹುಳ ಮಾತ್ರ ಈ ಎಣಿಕೆಗೆ ಎಷ್ಟೋ ಸಲ ಸಿಗಲ್ಲ, ಕರುಳಿನ ಗೋಡೆಯೊಳಗೆ ಅಡಗಿದ ಎಳೆ ಹುಳ ಮೊಟ್ಟೆಯನ್ನೇ ಇಡಲ್ಲ.

ಫೆನ್‌ಬೆಂಡಜೋಲ್‌ಗೆ ಸಣ್ಣ ದುಂಡುಹುಳಗಳು ಜಗತ್ತಿನ ಎಷ್ಟೋ ಕಡೆ ಬಗ್ಗುತ್ತಿಲ್ಲ. ಸುಮ್ನೆ ಎರಡು ತಿಂಗಳಿಗೊಮ್ಮೆ ಅದನ್ನೇ ಹಾಕುತ್ತಾ ಹೋದರೆ ಸಾಯದ ಹುಳಗಳೇ ಉಳಿದು ಬೆಳೆಯುತ್ತವೆ. ಆದರೆ ಔಷಧಿಯನ್ನು ದೂರುವ ಮೊದಲು ಒಂದು ಕೇಳುತ್ತೇನೆ, ತೂಕ ಎಷ್ಟು ಅಂತ ಹಿಡಿದಿದ್ದೀರಿ? ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಮತ್ತೆ ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಲೆಕ್ಕ ಸಿಗುತ್ತೆ. ಇದು ದೊಡ್ಡ ಕುದುರೆಗೆ ಮಾತ್ರ.

ಮರಿಯದ್ದು ಬೇರೆ ಕಥೆ. ನೀವು ನೋಡಿದ್ದು ಮರಿಗಳಲ್ಲಿ ಬರುವ ದೊಡ್ಡ ದುಂಡುಹುಳ. ಇದು ಐವರ್‌ಮೆಕ್ಟಿನ್‌ಗೆ ಬಗ್ಗದಿರುವುದು 2002ರಲ್ಲೇ ನೆದರ್‌ಲ್ಯಾಂಡ್ಸ್‌ನಿಂದ ವರದಿಯಾಗಿದೆ, ಹಾಗಾಗಿ ಮರಿಗೆ ಸಾಮಾನ್ಯವಾಗಿ ಫೆನ್‌ಬೆಂಡಜೋಲೇ ಮೊದಲು. ಆದರೆ ಹೊಟ್ಟೆ ಅಷ್ಟು ಉಬ್ಬಿರುವಾಗ ಮನೆಯಲ್ಲಿ ನೀವೇ ಹಾಕಬೇಡಿ. ಹುಳ ಗುಂಪಾಗಿ ಸತ್ತು ಕರುಳು ಕಟ್ಟಿದರೆ ಮರಿ ಉಳಿಯುವುದು ಕಷ್ಟ. ಡಾಕ್ಟರ್ ಕರೆಸಿ, ಹೋಗೋಕೆ ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಸರ್, ತುಂಬಾ ಉಪಕಾರ ಆಯ್ತು. ಅಳೆದೆವು, ಸುತ್ತಳತೆ 155, ಉದ್ದ 145, ಲೆಕ್ಕ 293 ಕಿಲೋ ಬಂತು. ನಾನು ಇಷ್ಟು ದಿನ 200 ಕಿಲೋ ಅಂತ ಹಾಕುತ್ತಿದ್ದೆ! ತಾಯಿಯ ಲದ್ದಿಯಲ್ಲಿ 650 ಮೊಟ್ಟೆ. ಡಾಕ್ಟರ್ ತೂಕ ನೋಡಿ ಐವರ್‌ಮೆಕ್ಟಿನ್ ಪೇಸ್ಟ್ ಕೊಟ್ಟರು. ಸರಿಯಾಗಿ 14 ದಿನ ಬಿಟ್ಟು ಮತ್ತೆ ಲದ್ದಿ ಕೊಟ್ಟೆ, ಒಂದು ಮೊಟ್ಟೆಯೂ ಇಲ್ಲ. ಮರಿಗೆ ಅವರೇ ಮುಂದೆ ನಿಂತು ಫೆನ್‌ಬೆಂಡಜೋಲ್ ಹಾಕಿದರು. ಎರಡನೇ ದಿನ 11 ಹುಳ ಬಿದ್ದವು. ಆ ರಾತ್ರಿ ಪೂರ್ತಿ ಲಾಯದಲ್ಲೇ ಕೂತಿದ್ದೆ, ಹೊಟ್ಟೆನೋವು ಬರುತ್ತೇನೋ ಅಂತ. ಬರಲಿಲ್ಲ. ಈಗ ಹೊಟ್ಟೆ ಇಳಿದಿದೆ. ಇನ್ನೊಂದು ಕೇಳಬೇಕಿತ್ತು, ಮಧ್ಯಾಹ್ನ ಎಡದಂಡೆ ಕಾಲುವೆ ಪಕ್ಕದ ಹುಲ್ಲಿಗೆ ಬಿಡುತ್ತೇನೆ, ಅದರಿಂದ ತೊಂದರೆ ಇದೆಯಾ?

ಉತ್ತರ, ರಾಯಚೂರಿನ ಪಶುವೈದ್ಯ

ಇದೆ. ಒಣ ಬಿಸಿಲಿನಲ್ಲಿ ಹುಳದ ಮರಿಗಳು ಬೇಗ ಸಾಯುತ್ತವೆ, ಕಾಲುವೆ ಬದಿಯ ಹಸಿ ಹುಲ್ಲಿನಲ್ಲಿ ಉಳಿದುಕೊಂಡು ಎಲೆ ಹತ್ತುತ್ತವೆ. ಅಲ್ಲಿ ಬಿದ್ದ ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಎತ್ತಿ ತಿಪ್ಪೆಗೆ ಹಾಕಿ. ಲಾಯದ ನೆಲವನ್ನೂ ಕೆರೆದು ತೊಳೆಯಿರಿ, ಮರಿಯ ಹುಳದ ಮೊಟ್ಟೆಗೆ ಅಂಟು ಜಾಸ್ತಿ, ವರ್ಷಗಟ್ಟಲೆ ಬದುಕುತ್ತೆ. ಪೇಸ್ಟ್ ಹಾಕಿ 8 ವಾರ ಆದ ಮೇಲೆ ತಾಯಿಯ ಲದ್ದಿ ಇನ್ನೊಮ್ಮೆ ಎಣಿಸಿ. ಮರಿಗೆ ಔಷಧಿ ಹಾಕಿಯೂ 14 ದಿನ ಆಗಿದ್ದರೆ ಅದರ ಲದ್ದಿಯನ್ನೂ ನಾಳೆಯೇ ಪರೀಕ್ಷೆಗೆ ಕೊಟ್ಟುಬಿಡಿ.